ಬರದ ವರ್ಷದಲ್ಲಿ ಹುಲ್ಲುಹಾಸಿಗೆ ನೀರು: ನಿರ್ಬಂಧ ಬಂದಾಗ ಮಾಡಬೇಕಾದದ್ದು, ಬಿಡಬೇಕಾದದ್ದು

ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ ಒಂದು ಮನೆಯ ಮುಂದೆ ಹಚ್ಚಹಸಿರು ಲಾನ್ ಕಂಡರೆ, ಇವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ದಾರಿಯಲ್ಲಿ ಹೋಗುವವರು ಒಂದು ಕ್ಷಣವಾದರೂ ಯೋಚಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಅದೇ ಪ್ರಶ್ನೆಯನ್ನು ಪಾಲಿಕೆಯ ಸಿಬ್ಬಂದಿ ಗೇಟಿನ ಮುಂದೆ ನಿಂತು ಕೇಳಬಹುದು. ಆಗ ಕೊಡಲು ಸರಿಯಾದ ಉತ್ತರ ಇರಬೇಕು, ಹಿತ್ತಲೂ ಸಾಯಬಾರದು. ಎರಡನ್ನೂ ಸಾಧಿಸುವ ದಾರಿ ಇದೆ. ಆದರೆ ಹುಲ್ಲು ಹಸಿರಾಗಿಯೇ ಇರಬೇಕೆಂಬ ಹಟವನ್ನು ಮೊದಲೇ ಬಿಡಬೇಕು. ಬರದಲ್ಲಿ ಉಳಿಸಿಕೊಳ್ಳಬೇಕಾದದ್ದು ಮರಗಳು. ಹುಲ್ಲು ಒಣಗಿದರೂ ಮತ್ತೆ ಬರುತ್ತದೆ. ಹತ್ತು ವರ್ಷದ ಮಾವಿನ ಮರ ಒಣಗಿದರೆ ಇನ್ನೊಂದು ಹತ್ತು ವರ್ಷ ಕಾಯಬೇಕು.

ಮೊದಲು ಪ್ರಕಟಣೆಯನ್ನು ಪೂರ್ತಿ ಓದಿ

ನಿರ್ಬಂಧ ಎಂದ ಕೂಡಲೇ ಕೆಲವರು ತುಳಸಿಗೂ ನೀರು ಹಾಕುವಂತಿಲ್ಲ ಎಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ಇದೆಲ್ಲ ಬೆಂಗಳೂರಿನವರಿಗೆ ಎಂದು ಕೈಬಿಡುತ್ತಾರೆ. ಇಬ್ಬರೂ ಪ್ರಕಟಣೆಯನ್ನು ಓದಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕು ಸಾಲು ನೋಡಿರುತ್ತಾರೆ ಅಷ್ಟೆ. ಪಾಲಿಕೆಯ ವಲಯ ಕಚೇರಿಯ ಸೂಚನಾ ಫಲಕದಲ್ಲಿ ಅಥವಾ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂಲ ಪ್ರಕಟಣೆ ಹುಡುಕಿ. ಗದಗ-ಬೆಟಗೇರಿ, ಹಾವೇರಿಯವರು ನಗರಸಭೆಯಲ್ಲಿ ಕೇಳಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೊಸ ಬಡಾವಣೆಗಳಲ್ಲಿ ಇರುವವರಿಗೆ ಪಂಚಾಯಿತಿಯ ಮಾತೇ ಲೆಕ್ಕಕ್ಕೆ ಬರುತ್ತದೆ.

ಓದುವಾಗ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ನಿರ್ಬಂಧ ಯಾವ ನೀರಿಗೆ: ನಳದ ನೀರಿಗೆ ಮಾತ್ರವೋ, ಕೊಳವೆಬಾವಿ ಮತ್ತು ಟ್ಯಾಂಕರ್ ನೀರಿಗೂ ಸೇರಿಯೋ? ಯಾವ ಕೆಲಸಕ್ಕೆ: ಹುಲ್ಲುಹಾಸಿಗೆ ಮಾತ್ರವೋ, ಕುಂಡ, ತರಕಾರಿ ಮಡಿ, ವಾಹನ ತೊಳೆಯುವುದು, ಅಂಗಳ ತೊಳೆಯುವುದು ಎಲ್ಲಕ್ಕೂ ಸೇರಿಯೋ? ಯಾವ ಸಾಧನಕ್ಕೆ: ಪೈಪು ಹಿಡಿಯುವಂತಿಲ್ಲ ಎಂದಿದೆಯೋ, ಝಾರಿ ಮತ್ತು ಬಕೆಟ್ಟಿಗೂ ತಡೆ ಇದೆಯೋ? ಕೊನೆಯದಾಗಿ, ಎಂದಿನವರೆಗೆ?

ಇಂಥ ಆದೇಶ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2023ರಲ್ಲಿ ಮುಂಗಾರು ಕೈಕೊಟ್ಟು ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ, 2024ರ ಮಾರ್ಚ್‌ನಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟ, ವಾಹನ ತೊಳೆಯುವುದು, ಕಟ್ಟಡ ಕಾಮಗಾರಿ, ಕಾರಂಜಿ ಮೊದಲಾದವುಗಳಿಗೆ ಬಳಸುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ. ಮುಂದುವರಿಸಿದರೆ ಮೇಲೆ ದಿನಕ್ಕೆ 500 ರೂಪಾಯಿ. ಅಲ್ಲಿ ನಿಷೇಧಿಸಿದ್ದು ಕುಡಿಯುವ ನೀರಿನ ಬಳಕೆಯನ್ನು, ತೋಟ ಮಾಡುವುದನ್ನಲ್ಲ ಎಂಬುದನ್ನು ಗಮನಿಸಿ. ನಿಮ್ಮ ಊರಿನ ಆದೇಶದಲ್ಲೂ ಈ ಎಳೆ ಇದೆಯೇ ನೋಡಿ. ಇದ್ದರೆ ಮುಂದಿನ ಕೆಲಸ ನೀರುಗಳನ್ನು ಬೇರೆ ಬೇರೆ ಮಾಡುವುದು.

ಮನೆಯ ನೀರನ್ನು ಬೇರ್ಪಡಿಸಿ

ಅವಳಿ ನಗರದ ನಳದ ನೀರು ಬಹುಪಾಲು ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರದಿಂದ ಬರುತ್ತದೆ. ಮಲಪ್ರಭೆಯ ನೀರನ್ನು ಅಲ್ಲಿಂದ ಪಂಪು ಮಾಡಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ ನಮ್ಮ ಓಣಿಗೆ ಬಿಡುತ್ತಾರೆ. ಹುಬ್ಬಳ್ಳಿಗೆ ಇನ್ನೊಂದು ಆಸರೆಯಾದ ನೀರಸಾಗರ ಮಳೆ ಕೊರತೆಯ ವರ್ಷಗಳಲ್ಲಿ ತಳ ಕಾಣಿಸಿದ್ದುಂಟು. ರೇಣುಕಾಸಾಗರದ ಸಾಮರ್ಥ್ಯ 37 ಟಿಎಂಸಿ ಅಡಿಗೂ ಹೆಚ್ಚು. ಆದರೆ ನರಗುಂದ, ನವಲಗುಂದದ ಹೊಲಗಳಿಗೂ ಅದೇ ನೀರು. ಕಳಸಾ-ಬಂಡೂರಿ ಹೋರಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಗ, ಹಾವೇರಿ ನಗರಗಳು ಹೀಗೆಯೇ ತುಂಗಭದ್ರೆಯನ್ನು ನೆಚ್ಚಿಕೊಂಡಿವೆ. ಆದ್ದರಿಂದ ನಿರ್ಬಂಧ ಮೊದಲು ಬೀಳುವುದು ನಳದ ನೀರಿನ ಮೇಲೆಯೇ. ಅದನ್ನು ತೋಟದ ಲೆಕ್ಕದಿಂದ ತೆಗೆದುಹಾಕಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಾರಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ನಳ ಬರುವ ದಿನ ಬೆಳಗ್ಗೆ ಹಂಡೆ, ಕೊಡ, ಬ್ಯಾರಲ್ಲುಗಳಲ್ಲಿ ಉಳಿದ ಹಳೆಯ ನೀರನ್ನು ಗಿಡಕ್ಕೋ ಗಟಾರಕ್ಕೋ ಚೆಲ್ಲಿ ಹೊಸ ನೀರು ತುಂಬುವ ರೂಢಿ ಬಲವಾಗಿದೆ. ಹಳೆಯದಾದ ಮಾತ್ರಕ್ಕೆ ಅದು ನಳದ ನೀರಲ್ಲದೆ ಹೋಗುವುದಿಲ್ಲ. ಆದೇಶ ಬಿಗಿಯಾಗಿದ್ದರೆ ನೇರವಾಗಿ ಲಾನಿಗೆ ಸುರಿಯುವುದು ತಪ್ಪೇ. ಅದರಿಂದ ನೆಲ ಒರೆಸಿ, ಬಟ್ಟೆ ಜಾಲಿಸಿ, ಹಾಗೆ ಬಳಸಿದ ನೀರನ್ನು ಮರದ ಬುಡಕ್ಕೆ ಒಯ್ಯಿರಿ. ಒಂದೇ ನೀರು ಎರಡು ಕೆಲಸ ಮಾಡುತ್ತದೆ, ಆದೇಶವೂ ಮುರಿಯುವುದಿಲ್ಲ. ನಿರಂತರ ನೀರು ಬರುವ ವಾರ್ಡುಗಳವರಿಗೆ ಕೂಡಿಡುವ ಕಷ್ಟ ಇಲ್ಲ. ಎಷ್ಟು ಖರ್ಚಾಯಿತು ಎಂದು ಕಣ್ಣಿಗೆ ಕಾಣದೆ ಇರುವುದೂ ಅದಕ್ಕೇ. ಅಂಥವರು ಮೀಟರಿನ ಅಂಕಿಯನ್ನು ವಾರಕ್ಕೊಮ್ಮೆ ಬರೆದಿಡಲಿ.

ಕೊಳವೆಬಾವಿ ಇದ್ದವರಿಗೆ ಎರಡು ಮಾತು. ಆದೇಶದಲ್ಲಿ ಕೊಳವೆಬಾವಿಗೆ ವಿನಾಯಿತಿ ಇದ್ದರೆ ಗೇಟಿನ ಮೇಲೆ ‘ಕೊಳವೆಬಾವಿ ನೀರು’ ಎಂದು ಒಂದು ಸಣ್ಣ ಫಲಕ ತೂಗುಹಾಕಿ. ನೆರೆಹೊರೆಯವರೊಂದಿಗೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆದರೆ ವಿನಾಯಿತಿ ಇದೆಯೆಂದು ದಿನವಿಡೀ ಮೋಟಾರ್ ಓಡಿಸಬೇಡಿ. ಬರದ ವರ್ಷ ಪಕ್ಕದ ನಾಲ್ಕು ಮನೆಗಳ ಕೊಳವೆಬಾವಿಗಳೂ ಅದೇ ಅಂತರ್ಜಲಕ್ಕೆ ಬಾಯಿ ಹಾಕಿರುತ್ತವೆ. ಪರಿಸ್ಥಿತಿ ಕೆಟ್ಟರೆ ಜಿಲ್ಲಾಡಳಿತ ಖಾಸಗಿ ಕೊಳವೆಬಾವಿಗಳನ್ನೇ ಕುಡಿಯುವ ನೀರಿಗೆ ಪಡೆದುಕೊಳ್ಳುವುದೂ ಉಂಟು. ಇನ್ನು ಮುಖ್ಯ ಕೊಳವೆಗೆ ನೇರವಾಗಿ ಮೋಟಾರ್ ಹಚ್ಚಿ ನೀರೆಳೆಯುವುದು ಬರವಿರಲಿ ಇಲ್ಲದಿರಲಿ ತಪ್ಪು. ಆ ನೀರಿನಲ್ಲಿ ಲಾನ್ ಬೆಳೆಸುವವರಿಗೆ ಈ ಲೇಖನದಿಂದ ಉಪಯೋಗವಿಲ್ಲ.

ಹುಲ್ಲು ಎಷ್ಟು ಕುಡಿಯುತ್ತದೆ, ಲೆಕ್ಕ ಹಾಕಿ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಹರಡಿದರೆ ಒಂದು ಮಿಲಿಮೀಟರ್ ಮಳೆಗೆ ಸಮ. 20 ಅಡಿಗೆ 20 ಅಡಿಯ ಲಾನ್ ಎಂದರೆ ಸುಮಾರು 37 ಚದರ ಮೀಟರ್. ನಮ್ಮ ಕಡೆಯ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ 5 ಮಿ.ಮೀ. ನೀರು ಕೇಳುತ್ತದೆ ಎಂದುಕೊಂಡರೂ 185 ಲೀಟರ್ ಆಯಿತು. ನಗರದ ನೀರು ಪೂರೈಕೆಗೆ ದೇಶದಲ್ಲಿ ಬಳಸುವ ಮಾನದಂಡ ಒಬ್ಬರಿಗೆ ದಿನಕ್ಕೆ 135 ಲೀಟರ್. ಎಂದರೆ ಈ ಸಾಧಾರಣ ಲಾನ್ ನಿಮ್ಮ ಮನೆಯ ಒಬ್ಬ ಸದಸ್ಯನಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಐದು ದಿನದಲ್ಲಿ ಖಾಲಿ.

ನಿಮ್ಮ ಪೈಪಿನ ವೇಗವನ್ನೂ ಅಳೆಯಿರಿ. 15 ಲೀಟರಿನ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನಲ್ಲಿ ನೋಡಿದರೆ ಸಾಕು. ಒಂದು ನಿಮಿಷಕ್ಕೆ ತುಂಬಿದರೆ, ಅರ್ಧ ತಾಸು ಪೈಪು ಹಿಡಿದು ನಿಂತವರು 450 ಲೀಟರ್ ಸುರಿದಿರುತ್ತಾರೆ. ಪಕ್ಕದವರೊಂದಿಗೆ ಮಾತನಾಡುತ್ತ ಪೈಪು ಹಿಡಿಯುವ ಅಭ್ಯಾಸ ಇದ್ದರೆ ಅದಕ್ಕೂ ಹೆಚ್ಚು.

ಇದೇ ಹೊತ್ತಿಗೆ ಸೋರಿಕೆಯನ್ನೂ ನೋಡಿಕೊಳ್ಳಿ. ರಾತ್ರಿ ಎಲ್ಲರೂ ಮಲಗುವ ಮೊದಲು ಸಂಪಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಬೆಳಗ್ಗೆ ನೋಡಿ. ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ 20 ಲೀಟರಿನ ಆಸುಪಾಸು ಹೋಗುತ್ತದೆ. ಆ ಹನಿಯನ್ನು ನಿಲ್ಲಿಸುವ ವಾಷರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಯಾರಿಗೆ ಮೊದಲು, ಯಾರಿಗೆ ಕೊನೆಗೆ

ಇರುವ ನೀರಿಗೆ ಸರದಿ ಗೊತ್ತುಮಾಡಿ. ನನ್ನ ಸರದಿ ಇದು: ನೆಟ್ಟು ಮೂರು ವರ್ಷ ದಾಟದ ಮರಗಳು, ನಂತರ ಫಲ ಕೊಡುವ ದೊಡ್ಡ ಮರಗಳು, ಆಮೇಲೆ ಮಲ್ಲಿಗೆ, ದಾಸವಾಳ, ಕರಿಬೇವಿನಂಥ ಗಿಡಗಳು, ನಂತರ ಕುಂಡಗಳು. ಹುಲ್ಲು ಎಲ್ಲರ ಹಿಂದೆ. ತುಳಸಿಕಟ್ಟೆ ಈ ಸಾಲಿನ ಹೊರಗೆ. ಅದಕ್ಕೆ ದಿನಕ್ಕೊಂದು ಚೊಂಬು ನೀರು ಯಾವ ಮನೆಯಲ್ಲೂ ಭಾರವಲ್ಲ.

ಎಳೆಯ ಮರಕ್ಕೆ ವಾರಕ್ಕೆರಡು ಸಲ ಒಂದೊಂದು ಬಕೆಟ್ಟು ನೀರು, ನಿಧಾನವಾಗಿ ಇಂಗುವಂತೆ. ದಿನಾ ಒಂದು ಚೊಂಬು ಚಿಮುಕಿಸುವುದು ಕೆಟ್ಟ ಉಪಕಾರ. ಬೇರು ಮೇಲೆಯೇ ಹರಡಿಕೊಂಡು, ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ದೊಡ್ಡ ಮಾವಿನ ಮರಕ್ಕೆ ಕಾಂಡದ ಬುಡದಲ್ಲಿ ನೀರು ನಿಲ್ಲಿಸಿ ಪ್ರಯೋಜನವಿಲ್ಲ. ನೀರು ಹೀರುವ ಬೇರುಗಳು ಕೊಂಬೆಗಳ ಹರವಿನ ಅಂಚಿನವರೆಗೆ ಚಾಚಿರುತ್ತವೆ. ಆ ಅಂಚಿನ ಸುತ್ತ ಗೇಣು ಆಳದ ಕಾಲುವೆ ತೆಗೆದು ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟರೆ ಸಾಕು. ತೆಂಗು ಮಾತ್ರ ದಿನವೂ ಬೇಡುವ ಗಿಡ. ಅದನ್ನು ಬಚ್ಚಲ ನೀರಿನ ದಾರಿಯಲ್ಲಿ ನೆಟ್ಟ ಹಿರಿಯರು ಲೆಕ್ಕ ತಿಳಿದವರು.

ಹಳೆಯ ಇನ್ನೊಂದು ಉಪಾಯ ಮಣ್ಣಿನ ಮಡಿಕೆ. ಹೊಳಪು ಕೊಡದ ಸಾದಾ ಮಡಿಕೆಯನ್ನು ಗಿಡದಿಂದ ಒಂದು ಅಡಿ ದೂರದಲ್ಲಿ ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಚಿಪ್ಪು ಮುಚ್ಚಿ. ನೀರು ಮಡಿಕೆಯ ಗೋಡೆಯಿಂದ ಒಸರುತ್ತ ನೇರ ಬೇರಿನ ಹತ್ತಿರ ಹೋಗುತ್ತದೆ. ಬಿಸಿಲಿಗೆ ಆವಿಯಾಗುವುದು ತೀರ ಕಡಿಮೆ. ಹಬ್ಬಕ್ಕೆ ತಂದು ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಮಡಿಕೆಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಹುಲ್ಲನ್ನು ಮಲಗಿಸುವುದು

ನಿಮ್ಮ ಲಾನ್ ಯಾವ ಹುಲ್ಲಿನದು ಎಂಬುದು ಇಲ್ಲಿ ಮುಖ್ಯ. ಗಣಪತಿಗೆ ಏರಿಸುವ ಗರಿಕೆ, ನಮ್ಮ ಕಡೆಯ ಮಾತಿನಲ್ಲಿ ಕರಿಕೆ, ಬರಕ್ಕೆಂದೇ ಹುಟ್ಟಿದ ಹುಲ್ಲು. ನೀರು ನಿಂತರೆ ಎಲೆ ಕಂದಾಗಿ ಒಣಗುತ್ತದೆ, ಆದರೆ ನೆಲದೊಳಗಿನ ಗೆಣ್ಣುಗಳು ವಾರಗಟ್ಟಲೆ ಜೀವ ಹಿಡಿದಿರುತ್ತವೆ. ಹೊಲದಲ್ಲಿ ಅದನ್ನು ಕಿತ್ತು ಕಿತ್ತು ಸೋತ ಯಾವ ರೈತರನ್ನು ಬೇಕಾದರೂ ಕೇಳಿ. ನರ್ಸರಿಯವರು ‘ಮೆಕ್ಸಿಕನ್’ ಎಂದು ಮಾರುವ ಮೆತ್ತನೆಯ ಹುಲ್ಲು ಸ್ವಲ್ಪ ಮಟ್ಟಿಗೆ ತಾಳುತ್ತದೆ. ನೆರಳಿನಲ್ಲಿ ಹಾಕುವ ಅಗಲ ಎಲೆಯ ಹುಲ್ಲು ಮೊದಲು ಹೋಗುತ್ತದೆ. ಅದನ್ನು ಉಳಿಸಲು ಹೋಗಬೇಡಿ.

ಮಲಗಿಸುವುದೆಂದರೆ ಒಮ್ಮೆಲೇ ನೀರು ನಿಲ್ಲಿಸುವುದಲ್ಲ. ನಿರ್ಬಂಧ ಬರುವ ಸೂಚನೆ ಸಾಮಾನ್ಯವಾಗಿ ಫೆಬ್ರುವರಿಯಲ್ಲೇ ಸಿಗುತ್ತದೆ: ನೀರು ಬಿಡುವ ದಿನಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ, ಪತ್ರಿಕೆಯಲ್ಲಿ ಜಲಾಶಯದ ಮಟ್ಟದ ಸುದ್ದಿ ಒಳಪುಟದಿಂದ ಮುಖಪುಟಕ್ಕೆ ಬರುತ್ತದೆ. ಆಗಿನಿಂದಲೇ ನೀರು ಹಾಕುವ ಅಂತರವನ್ನು ಎರಡು ದಿನ, ನಾಲ್ಕು ದಿನ, ಒಂದು ವಾರ ಎಂದು ಹಿಗ್ಗಿಸಿ. ಹುಲ್ಲನ್ನು ಬೋಳು ಹೊಡೆಯಬೇಡಿ. ಎರಡು ಅಂಗುಲಕ್ಕಿಂತ ಕೆಳಗೆ ಕತ್ತರಿಸದೆ ಬಿಟ್ಟರೆ ಎಲೆಗಳೇ ನೆಲಕ್ಕೆ ನೆರಳಾಗುತ್ತವೆ. ಕತ್ತರಿಸಿದ ತುಂಡನ್ನು ಗುಡಿಸದೆ ಅಲ್ಲೇ ಬಿಡಿ. ಯೂರಿಯಾ ಮುಟ್ಟಲೇಬೇಡಿ, ಅದು ಹೊಸ ಚಿಗುರು ತರಿಸುತ್ತದೆ, ಹೊಸ ಚಿಗುರು ಇನ್ನಷ್ಟು ನೀರು ಕೇಳುತ್ತದೆ.

ಪೂರ್ತಿ ಒಣಗಿದ ಮೇಲೆ, ಆದೇಶ ಅನುಮತಿಸಿದರೆ ಅಥವಾ ಬಳಸಿದ ನೀರು ಕೈಯಲ್ಲಿದ್ದರೆ, ಮೂರು ವಾರಕ್ಕೊಮ್ಮೆ 10 ಮಿ.ಮೀ.ನಷ್ಟು ಕೊಡಿ. ಮೇಲಿನ 37 ಚದರ ಮೀಟರಿಗೆ ಅದು 370 ಲೀಟರ್. ಹಸಿರಾಗಿಯೇ ಇಡಲು ಅದೇ ಮೂರು ವಾರಕ್ಕೆ 3,900 ಲೀಟರ್ ಬೇಕಾಗುತ್ತಿತ್ತು. ಹತ್ತು ಮಿಲಿಮೀಟರ್ ಆಯಿತೋ ಇಲ್ಲವೋ ತಿಳಿಯಲು ಲಾನಿನ ಮೇಲೆ ಅಲ್ಲಲ್ಲಿ ನಾಲ್ಕು ಸಪಾಟು ಡಬ್ಬಿ ಇಟ್ಟು, ಝಾರಿಯಲ್ಲಿ ಹಾಕಿ, ಮಕ್ಕಳ ಅಳತೆಪಟ್ಟಿ ಇಳಿಬಿಟ್ಟು ನೋಡಿ. ಆದೇಶ ಅದಕ್ಕೂ ಅವಕಾಶ ಕೊಡದಿದ್ದರೆ ಬಿಟ್ಟುಬಿಡಿ. ಒಣಗಿದ ಹುಲ್ಲಿನ ಮೇಲೆ ಕಾರು, ಬೈಕು ನಿಲ್ಲಿಸುವುದು, ಮಕ್ಕಳು ಕ್ರಿಕೆಟ್ ಆಡುವುದು ಮಾತ್ರ ಬೇಡ. ಒಣ ಗೆಣ್ಣು ತುಳಿತಕ್ಕೆ ಸಿಕ್ಕು ಮುರಿದರೆ ಮತ್ತೆ ಚಿಗುರುವುದಿಲ್ಲ.

ಎರೆಮಣ್ಣಿನ ಬಿರುಕು

ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆಗೆ ಎರೆಮಣ್ಣು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ. ಮಸಾರಿಯಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ಎರಡು ಕಂತಿನಲ್ಲಿ ಹಾಕಬೇಕು. ಎರೆಮಣ್ಣಿನ ಕಥೆ ಬೇರೆ. ಅದು ಒಣಗಿದಂತೆ ಬಿರಿಯುತ್ತದೆ. ಕೈ ಇಳಿಯುವಷ್ಟು ಬಿರುಕುಗಳಲ್ಲಿ ಒಳಗಿನ ತೇವವೂ ಆವಿಯಾಗುತ್ತದೆ, ಮೇಲೆ ಸುರಿದ ನೀರು ಬೇರಿಗೆ ತಾಗದೆ ಕೆಳಗೆ ಓಡುತ್ತದೆ. ಬಿರುಕು ಬಿಟ್ಟ ಮಡಿಗೆ ಪೈಪು ಹಿಡಿದವರು ಪಾತಾಳಕ್ಕೆ ನೀರು ಕೊಡುತ್ತಿರುತ್ತಾರೆ.

ನಮ್ಮ ರೈತರು ಜೋಳದ ಸಾಲುಗಳ ನಡುವೆ ಎಡೆ ಹೊಡೆಯುವುದರಲ್ಲಿ ಕಳೆ ತೆಗೆಯುವ ಉದ್ದೇಶದ ಜೊತೆ ಇದೂ ಸೇರಿದೆ: ಮೇಲಿನ ಎರಡು ಅಂಗುಲ ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚುವುದು. ಹಿತ್ತಲಿನಲ್ಲಿ ಅದನ್ನೇ ಕಳೆ ತೆಗೆಯುವ ಕುರ್ಚಿಗೆಯಿಂದ ಮಾಡಿ. ಅದರ ಮೇಲೆ ನಾಲ್ಕು ಅಂಗುಲ ದಪ್ಪ ಹೊದಿಕೆ ಹಾಸಿ. ಶೇಂಗಾ ಹೊಟ್ಟು, ಕಬ್ಬಿನ ರವದಿ, ತೆಂಗಿನ ಸಿಪ್ಪೆ, ಬೇವಿನ ತರಗೆಲೆ, ಏನು ಸಿಕ್ಕರೂ ನಡೆಯುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲು ಏರುತ್ತದೆ. ಬೇಸಿಗೆಯಲ್ಲಿ ತರಗೆಲೆ ಗುಡಿಸಿ ಓಣಿಯ ಮೂಲೆಯಲ್ಲಿ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದೇ ಎಲೆ ಅದೇ ಮರದ ಬುಡದಲ್ಲಿದ್ದರೆ ವಾರಕ್ಕೊಂದು ಸಲದ ನೀರು ಉಳಿಯುತ್ತಿತ್ತು.

ಬಳಸಿದ ನೀರು: ಯಾವುದು ಒಳ್ಳೆಯದು, ಯಾವುದು ಅಲ್ಲ

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಯಾವ ಗಿಡಕ್ಕಾದರೂ ಸೈ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇರುವುದಿಲ್ಲ, ಕುಂಡಗಳಿಗೆ ಹೇಳಿ ಮಾಡಿಸಿದಂಥದು. ಸ್ನಾನದ ನೀರು ಮರಗಳಿಗೆ ಆಗುತ್ತದೆ. ಎಣ್ಣೆ ಜಿಡ್ಡಿನ ಪಾತ್ರೆ ತೊಳೆದ ನೀರು ಬೇಡ. ಮಣ್ಣಿನ ಮೇಲೆ ಪದರ ಕಟ್ಟುತ್ತದೆ, ಇರುವೆ, ಜಿರಳೆ ಬರುತ್ತವೆ.

ವಾಷಿಂಗ್ ಮಷಿನ್ ನೀರಿನ ಬಗ್ಗೆ ಎಚ್ಚರ ಬೇಕು. ಮೊದಲ ಸುತ್ತಿನ ನೀರಿನಲ್ಲಿ ಸೋಪಿನ ಪುಡಿಯ ಸೋಡಿಯಂ ತುಂಬಿರುತ್ತದೆ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಕಣಗಳು ಬಿಡಿಬಿಡಿಯಾಗಿ, ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿ, ಮುಂದೆ ಮಳೆಯ ನೀರೂ ಇಂಗುವುದಿಲ್ಲ. ಮೊದಲ ಸುತ್ತನ್ನು ಗಟಾರಕ್ಕೆ ಬಿಟ್ಟು, ಎರಡನೆಯ, ಮೂರನೆಯ ಜಾಲಿಕೆಯ ನೀರನ್ನು ಬ್ಯಾರಲ್ಲಿಗೆ ಹಿಡಿಯಿರಿ. ಒಂದೇ ಜಾಗಕ್ಕೆ ದಿನಾ ಹಾಕದೆ ಮರದಿಂದ ಮರಕ್ಕೆ ಬದಲಿಸಿ. ಆರ್‌ಒ ಯಂತ್ರ ಹೊರಬಿಡುವ ನೀರಿಗೂ ಇದೇ ನಿಯಮ. ಅದರಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಗಡುಸು ಕೊಳವೆಬಾವಿ ನೀರನ್ನು ಶುದ್ಧೀಕರಿಸುವ ಮನೆಗಳಲ್ಲಿ ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದೇ ಲೇಸು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಮೆಂತ್ಯೆಗೆ ಬಚ್ಚಲ ನೀರು ಹಾಕಬೇಡಿ.

ಬಳಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ನಾರುತ್ತದೆ. ಕೂಡಿಟ್ಟ ಶುದ್ಧ ನೀರಿನದು ಇನ್ನೊಂದು ತೊಂದರೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಮುಚ್ಚದ ಬ್ಯಾರಲ್ಲು, ಕುಂಡದ ಕೆಳಗಿನ ತಟ್ಟೆಗಳ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನಳ ಬರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಬ್ಯಾರಲ್ಲಿಗೆ ಬಿಗಿಯಾದ ಮುಚ್ಚಳ ಅಥವಾ ಹಳೆಯ ಸೀರೆ ಕಟ್ಟಿ, ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ಒಣಗಿಸಿ.

ಹೊತ್ತು, ಅಂಗಳ, ಓಣಿ

ನೀರು ಹಾಕುವುದು ಬೆಳಗ್ಗೆ ಏಳರೊಳಗೆ. ಮಧ್ಯಾಹ್ನ ಬಿಸಿಲಿನ ಜೊತೆ ಗಾಳಿಯೂ ಸೇರಿ ಬಹಳಷ್ಟು ನೀರು ಆವಿಯಾಗುತ್ತದೆ. ಆದೇಶದಲ್ಲಿ ಬೇರೆ ಹೊತ್ತು ಹೇಳಿದ್ದರೆ ಅದೇ ಅಂತಿಮ.

ಹುಬ್ಬಳ್ಳಿಯ ಧೂಳಿಗೆ ಬೇಸತ್ತು ಮನೆಯ ಮುಂದಿನ ರಸ್ತೆಗೆ ಪೈಪಿನಿಂದ ನೀರು ಹೊಡೆಯುವವರು ಬಹಳ. ಲಾನಿಗಿಂತ ಮೊದಲು ನಿಲ್ಲಬೇಕಾದದ್ದು ಇದು. ಹೊಸ್ತಿಲು ತೊಳೆದು ರಂಗೋಲಿ ಹಾಕಲು ಒಂದು ತಂಬಿಗೆ ನೀರು ಸಾಕು. ಕಾರು, ಬೈಕಿಗೆ ಒದ್ದೆ ಬಟ್ಟೆ.

ಬಡಾವಣೆಯ ಉದ್ಯಾನ ನೋಡಿಕೊಳ್ಳುವ ಸಂಘದವರು ಪ್ರತ್ಯೇಕವಾಗಿ ಕುಳಿತು ಮಾತನಾಡಬೇಕು. ನಿರ್ಬಂಧ ಉದ್ಯಾನಕ್ಕೂ ಅನ್ವಯಿಸುತ್ತದೆಯೇ ಎಂದು ವಲಯ ಕಚೇರಿಗೆ ಪತ್ರ ಬರೆದು, ಉತ್ತರವನ್ನೂ ಬರಹದಲ್ಲೇ ಕೇಳಿ. ಮಾಲಿಗೆ ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಆತ ಹಿಂದಿನಂತೆಯೇ ವಾಲ್ವ್ ತಿರುಗಿಸುತ್ತಾನೆ, ದಂಡದ ಚೀಟಿ ಬಂದಾಗ ಬೈಗುಳವೂ ಅವನಿಗೇ. ಹುಲ್ಲಿನ ಭಾಗವನ್ನು ಬಿಟ್ಟು ಮರಗಳ ಪಟ್ಟಿ ಮಾಡಿ, ಒಂದೊಂದು ಮರವನ್ನು ಒಂದೊಂದು ಮನೆಗೆ ಹಂಚಿ. ಬಳಸಿದ ನೀರಿನ ಒಂದು ಬಕೆಟ್ಟು ಯಾರಾದರೂ ತರಬಲ್ಲರು. ನಿಯಮ ಮುರಿಯುವ ನೆರೆಯವರ ಫೋಟೊ ತೆಗೆದು ಗುಂಪಿನಲ್ಲಿ ಹಾಕುವುದಕ್ಕಿಂತ ಮೊದಲು ಬಾಗಿಲು ತಟ್ಟಿ. ಅವರದು ಕೊಳವೆಬಾವಿಯೋ, ಅವರು ಆದೇಶವನ್ನೇ ಕಂಡಿಲ್ಲವೋ ತಿಳಿಯುತ್ತದೆ.

ಮಳೆ ಬಂದ ಮೇಲೆ

ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಹುಲ್ಲು ಎರಡು ದಿನದಲ್ಲಿ ಹಸಿರು ಮೊಳಕೆ ತೋರಿಸುತ್ತದೆ. ಅದನ್ನು ಕಂಡು ಪೈಪು ಎತ್ತಬೇಡಿ. ಓಣಿಯಲ್ಲಿ ಮಳೆ ಬಂದರೆ ಜಲಾಶಯ ತುಂಬುವುದಿಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮುಂಗಾರು ಹಿಡಿದು ಹೊಡೆದ ಮೇಲೆಯೇ ರೇಣುಕಾಸಾಗರದ ಮಟ್ಟ ಏರುತ್ತದೆ, ಅದಕ್ಕೆ ಜುಲೈ, ಆಗಸ್ಟ್ ಆಗುತ್ತದೆ. ನಿರ್ಬಂಧ ತೆರವಾಗಿದೆ ಎಂದು ಪ್ರಕಟವಾಗುವವರೆಗೂ ಅದು ಜಾರಿಯಲ್ಲಿದೆ ಎಂದೇ ತಿಳಿಯಿರಿ.

ಅಷ್ಟರಲ್ಲಿ ಚಾವಣಿಯ ನೀರು ಹಿಡಿಯಲು ಶುರುಮಾಡಬಹುದು. ಸಾವಿರ ಚದರ ಅಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 930 ಲೀಟರ್. ಸೋರಿ ಚೆಲ್ಲಿದ್ದು ಬಿಟ್ಟರೂ 700 ಲೀಟರಿಗೆ ಮೋಸವಿಲ್ಲ. ಮೊದಲ ಮಳೆಯ ಮೊದಲ ಹತ್ತು ನಿಮಿಷದ ನೀರನ್ನು ಬಿಟ್ಟುಬಿಡಿ, ವರ್ಷದ ಧೂಳೆಲ್ಲ ಅದರಲ್ಲಿರುತ್ತದೆ.

ಬೋಳಾಗಿ ಉಳಿದ ಜಾಗಕ್ಕೆ ಮೃಗಶಿರಾ ಮಳೆ ಹಿಡಿದ ಮೇಲೆ ಗರಿಕೆಯ ಬಳ್ಳಿ ನೆಡಿ. ನರ್ಸರಿಯ ಚಾಪೆ ಕೊಳ್ಳುವ ಅಗತ್ಯವಿಲ್ಲ. ಎರಡು ಮೂರು ಗೆಣ್ಣಿರುವ ತುಂಡುಗಳನ್ನು ಅರ್ಧ ಅಡಿ ಅಂತರದಲ್ಲಿ, ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗುವಂತೆ ಒತ್ತಿದರೆ ಸಾಕು, ದಸರೆಯ ಹೊತ್ತಿಗೆ ನೆಲ ಮುಚ್ಚುತ್ತದೆ. ಗೊಬ್ಬರ ಹಾಕುವುದಾದರೆ ಎರಡು ಹದ ಮಳೆ ಆದ ನಂತರ, ಅದೂ ಒಣಗಿದ ಸಗಣಿ ಗೊಬ್ಬರ, ತೆಳ್ಳಗೆ. ನೆರಳಿನ ಭಾಗದಲ್ಲಿ ಹೋದ ಹುಲ್ಲನ್ನು ಮತ್ತೆ ನೆಡುವ ಗೋಜಿಗೆ ಹೋಗದೆ ಅಲ್ಲಿ ಮರದ ಹೊದಿಕೆಯನ್ನೇ ಹಿಗ್ಗಿಸಿ.